ಬಚ್ಚಲಲ್ಲಿ ಬೋರಲು ಮಲಗಿದ ಹೆಸರು

ಎಲ್ಲಮ್ಮನ ಮಗನ ಕಲ್ಲು ಒಡೆದಿರಲಿಲ್ಲ. ಒಡೆಯಿತು ಎಂದು ಹೇಳಿದವಳು ನಾನು.

ಅದು ತುಂಗಭದ್ರೆಯ ತಳದಲ್ಲಿಯೂ ಇಲ್ಲ. ನಮ್ಮ ಮನೆಯ ಬಚ್ಚಲಲ್ಲಿದೆ. ನೀವಿಬ್ಬರೂ ಚಿಕ್ಕವರಿದ್ದಾಗ ಮೈಗೆ ಎಣ್ಣೆ ಹಚ್ಚಿ, ಕಣ್ಣಿಗೆ ಸೀಗೆಪುಡಿ ಬಿತ್ತೆಂದು ಕಿರುಚಿದರೂ ಬಿಡದೆ ನೀರು ಹಾಕುತ್ತಿದ್ದೆನಲ್ಲ — ಆ ದೊಡ್ಡ ಕಲ್ಲೇ ಅದು. ಹೆಸರು ಕೆಳಗಿದೆ. ಕಲ್ಲಿನ ಬೆನ್ನು ಮೇಲಿದೆ.

ವಿನುತಾ, ಕಿರಣಾ, ನನ್ನ ಮೊಮ್ಮಕ್ಕಳೇ — ಇಷ್ಟು ಬರೆದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಡುಗೆಮನೆಯಲ್ಲಿ ನಿಮ್ಮಮ್ಮ ಪಾತ್ರೆ ಇಟ್ಟ ಸಪ್ಪಳಕ್ಕೂ ಹಾಳೆಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದೇನೆ. ನನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ. ಹಾಗೆ ಏನು ಬಂತು — ಕಳ್ಳಿಯೇ.

ನಾನು ಊರ ಕನ್ನಡ ಶಾಲೆಯಲ್ಲಿ ಕಲಿತವಳು. ಮದುವೆಯ ಮಾತು ಬಂದಾಗ ಶಾಲೆ ಬಿಡಿಸಿದರು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ವಿಷಯವನ್ನು ಮಾತ್ರ ತಿದ್ದಬೇಡಿ. 'ನಮ್ಮ ಜೇಜಿ ಹಾಗೆ ಮಾಡಿರಲಾರಳು, ಏನೋ ಕಾರಣವಿದ್ದಿರಬೇಕು' ಎಂದು ಪ್ರೀತಿಯಿಂದ ತಿದ್ದಿಬಿಡುತ್ತೀರಿ ಎಂಬುದೇ ನನ್ನ ದೊಡ್ಡ ಭಯ.

ವಿನುತಾ, ನಿನಗೆ ನೆನಪಿದೆಯೋ ಇಲ್ಲವೋ. ನೀನಿನ್ನೂ ಲಂಗ ಉಡುವ ಹುಡುಗಿ. ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದ್ದೆ: "ಜೇಜೀ, ನೀ ಯಾಕ ಆ ಕಲ್ಲಿನ ಮ್ಯಾಲ ನಿಂದ್ರಂಗಿಲ್ಲ? ಮೂಲಿಗೆ ನಿಂತು ಯಾಕ ಜಳಕ ಮಾಡ್ತಿ?"

"ಜಾರ್ತೈತವ್ವಾ" ಎಂದೆ.

ಅದು ಜಾರುವ ಕಲ್ಲಲ್ಲ. ಬೆನ್ನು ಒರಟು. ಆ ಬಚ್ಚಲಲ್ಲಿ ಜಾರದ ಕಲ್ಲು ಇದ್ದರೆ ಅದೊಂದೇ.

ಈಗ ಇದನ್ನು ಬರೆಯುವುದಕ್ಕೆ ಕಾರಣ ಬಾವಿಯ ಹೊಲ. ಆಲೂರಿನ ರಸ್ತೆಗೆ ತಾಗಿದ ಆ ಹೊಲ ನನ್ನ ತವರಿನವರು ಅರಿಶಿನ-ಕುಂಕುಮಕ್ಕೆಂದು ಕೊಟ್ಟದ್ದು; ನಿಮ್ಮ ತಾತನದಲ್ಲ, ನನ್ನದು. ನಮ್ಮ ಕಡೆಯ ಮಾಜಿ ಸೈನಿಕರು ಸೇರಿ ಒಂದು ಸ್ಮಾರಕ ಸಂಘ ಕಟ್ಟಿಕೊಂಡಿದ್ದಾರೆ. ನನ್ನ ನಂತರ ಆ ಹೊಲ ಸಂಘಕ್ಕೆ ಸೇರಬೇಕೆಂದು ವೀಲುನಾಮೆ ಬರೆಸಿದ್ದೇನೆ. ಸುತ್ತಲಿನ ಊರುಗಳಿಂದ ಸೈನ್ಯಕ್ಕೆ ಹೋಗಿ ತಿರುಗಿ ಬಾರದವರ ಹೆಸರುಗಳನ್ನೆಲ್ಲ ಅಲ್ಲಿ ನಿಲ್ಲಿಸುತ್ತಾರೆ. ಹೆತ್ತವರು, ಹೆಂಡಂದಿರು ಬಂದರೆ ಕೂಡುವುದಕ್ಕೆ ನೆರಳು ಮಾಡುತ್ತಾರೆ. ಇದೆಲ್ಲ ನಿಮಗೆ ಗೊತ್ತು. ನಿಮ್ಮಪ್ಪ ಒಂದು ಮಾತೂ ಅಡ್ಡ ಹೇಳಲಿಲ್ಲ. ಆದೋನಿಯ ತನ್ನ ಬೀಜದ ಅಂಗಡಿಗೆ ಬಂದವರಿಗೆಲ್ಲ 'ನಮ್ಮವ್ವನ ಮನಸು ದೊಡ್ಡದು' ಎಂದು ಹೇಳುತ್ತಾನಂತೆ. ಮೊನ್ನೆ ಸಂತೆಯಲ್ಲಿ ಯಾರೋ ಗುರುತಿಲ್ಲದವರು ನನಗೆ ಕೈಮುಗಿದರು. ನಾನು ಸೆರಗು ಎಳೆದುಕೊಂಡು ಬೇಗ ಬೇಗ ನಡೆದೆ. ನಾಚಿಕೆ ಎಂದುಕೊಂಡಿರುತ್ತಾರೆ. ಎಲ್ಲರೂ ಯಾವಾಗಲೂ ಹಾಗೇ ಅಂದುಕೊಂಡಿದ್ದಾರೆ.

ಹೇಳುತ್ತೇನೆ. ಮೊದಲಿಂದ ಹೇಳುತ್ತೇನೆ.

ಎಲ್ಲಮ್ಮ ನಮ್ಮ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಒಬ್ಬ ಮಗಳು ಸಾವಿತ್ರಿ, ಒಬ್ಬ ಮಗ ಉರುಕುಂದ. ಉರುಕುಂದ ನಿಮ್ಮಪ್ಪನ ವಾರಿಗೆಯವನು. ಇಬ್ಬರೂ ಒಂದೇ ಶಾಲೆ, ಒಂದೇ ಹಲಗೆ ಎನ್ನುವ ಹಾಗಿದ್ದರು. ತಾಯಿ ಹೊಲದಿಂದ ಬರುವ ತನಕ ಉರುಕುಂದ ನಮ್ಮ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದ. ತನ್ನ ಹೆಸರಿನ ಮೊದಲ ಅಕ್ಷರವೇ ಅವನಿಗೆ ಬರುತ್ತಿರಲಿಲ್ಲ. 'ಉ' ಬರೆದರೆ ಬಾಲ ಎತ್ತಲೋ ಹೋಗುತ್ತಿತ್ತು. ಅವನ ಕೈ ಹಿಡಿದು ಆ ಅಕ್ಷರ ತಿದ್ದಿಸಿದವಳು ನಾನು. ಆ ಕೈಯ ಬಿಸಿ ನನಗೆ ಈಗಲೂ —

ಇರಲಿ.

ದೊಡ್ಡವರಾದ ಮೇಲೆ ಇಬ್ಬರಿಗೂ ಮಿಲಿಟರಿಯ ಹುಚ್ಚು. ಬೆಳಗಿನ ಜಾವ ಆಲೂರಿನ ರಸ್ತೆಯಲ್ಲಿ ಓಡುತ್ತಿದ್ದರು. ಉರುಕುಂದ ಆಯ್ಕೆಯಾದ. ನಿಮ್ಮಪ್ಪನ ಕಿವಿಯಲ್ಲಿ ಏನೋ ತೊಂದರೆ ಎಂದು, ವಾಸಿ ಮಾಡಿಕೊಂಡು ಮುಂದಿನ ಸಲ ಬಾ ಎಂದು ಕಳಿಸಿದರು. ಅವನು ಮುಖ ಇಳಿಬಿಟ್ಟು ಬಂದ ದಿನ ನಾನು ಸಮಾಧಾನ ಹೇಳಿದೆ. ಆಮೇಲೆ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅದನ್ನೂ ಯಾರಿಗೂ ಹೇಳಿಲ್ಲ.

ಉರುಕುಂದ ಎರಡು ಸಲವೋ ಏನೋ ರಜೆಗೆ ಬಂದ. ಆಮೇಲೆ ಸುದ್ದಿ ಬಂತು. ಮೇಲೆ ಎಲ್ಲೋ ಬೆಟ್ಟದಲ್ಲಿ ಹಿಮ ಜಾರಿತಂತೆ. ಹುಡುಕಿದರಂತೆ, ಸಿಗಲಿಲ್ಲವಂತೆ. ಊರಿಗೆ ಬಂದದ್ದು ಅವನ ಟ್ರಂಕು. ಎಲ್ಲಮ್ಮ ಅದನ್ನು ನಮ್ಮ ಕಟ್ಟೆಯ ಮೇಲೇ ತೆರೆದಳು. ಸ್ವೆಟರು, ಸಣ್ಣ ಕನ್ನಡಿ, ನಾನು ಕಳಿಸಿದ್ದ ಉಪ್ಪಿನಕಾಯಿಯ ಡಬ್ಬಿ. ತಳದಲ್ಲಿ ಸ್ವಲ್ಪ ಉಳಿದಿತ್ತು. ಎಲ್ಲಮ್ಮ ಅದನ್ನು ಮೂಸಿ ನೋಡಿ, ಮುಚ್ಚಳ ಹಾಕಿ, ಕೇಳಿದಳು:

"ಮಣ್ಣು ಮಾಡಾಕ ಏನೂ ಇಲ್ಲ ಅಮ್ಮಾರೇ. ಹಬ್ಬ ಬಂದ್ರ ನಾ ಎಡಿ ಎಲ್ಲಿಡ್ಲಿ?"

ತೀರಿಕೊಂಡವರಿಗೆ ಹಬ್ಬದ ದಿನ ಊಟ ಇಡುವುದು ಹೂಳಿದ ಗುಂಡಿಯ ಮೇಲೆ. ಗುಂಡಿಯೇ ಇಲ್ಲದವನಿಗೆ ಎಲ್ಲಿ ಇಡುವುದು? ಅದಕ್ಕೆ ಕಲ್ಲು. ಹೆಸರು ಕೆತ್ತಿಸಿದ ಒಂದು ಕಲ್ಲು ನಿಲ್ಲಿಸಿದರೆ ಅವನು ಅಲ್ಲಿರುತ್ತಾನೆ. ಸರಕಾರದಿಂದ ಬಂದ ಹಣದಲ್ಲಿ ಎಲ್ಲಮ್ಮ ಮೊದಲು ಕಲ್ಲು ಕೆತ್ತುವುದಕ್ಕೇ ಹೇಳಿದಳು. ಆದರೆ ಅವಳಿಗೆ ಹೊಲವಿಲ್ಲ. ನಿಮ್ಮ ತಾತ ನನ್ನನ್ನು ಕೇಳಿದರು:

"ಬಾವಿ ತಾವ ಜಾಗ ಕೊಡೋಣೇನು? ನಿನ್ನ ಹೊಲ. ನೀ ಹೂಂ ಅಂದ್ರ ಆತು."

ನಾನು ಹೂಂ ಎಂದೆ. ಮನಸಾರೆ ಎಂದೆ. ಇದನ್ನು ನಂಬಿ — ನಂಬದಿದ್ದರೂ ಸರಿಯೇ.

ಅದೇ ಸಂಜೆ ಊಟಕ್ಕೆ ಕೂತಾಗ ನಿಮ್ಮಪ್ಪ ರೊಟ್ಟಿ ಮುರಿಯುತ್ತ ಅಂದ: "ಕಲ್ಲು ನಿಂತ ದಿನಾನೇ ನಾ ಹೊಂಟೆ. ಅವನ ಕಲ್ಲಿಗೆ ಕೈಮುಗದು, ಅಲ್ಲಿಂದ್ಲೇ ಬಸ್ ಹತ್ತೋದು. ಯಾರೂ ತಡಿಬ್ಯಾಡ್ರಿ."

ನಿಮ್ಮ ತಾತ ನಕ್ಕರು. "ಮೊದ್ಲು ಕಿವಿ ತೊಳ್ಕೋ ಮಾರಾಯ, ಅವ್ವ ಕರದ್ರ ಕೇಳಂಗಿಲ್ಲ ನಿನಗ. ತೋಪು ಹಾರಿಸಿದ್ರ ಕೇಳ್ತೈತೇನು?"

ನಾನು ನಗಲಿಲ್ಲ. ನಿಮ್ಮಪ್ಪ ತಮಾಷೆಗೆ ಮಾತಾಡುವವನಲ್ಲ. ಅಂದಿನಿಂದ ನನಗೆ ಕಲ್ಲು ಎಂದರೆ ಉರುಕುಂದನ ಕಲ್ಲಾಗಿ ಉಳಿಯಲಿಲ್ಲ. ಅದು ನನ್ನ ಮಗನನ್ನು ಕರೆಯಲು ಬರುವ ಕಲ್ಲಾಯಿತು. ಅನ್ನ ಬಸಿಯುವಾಗ, ಮಜ್ಜಿಗೆ ಕಡೆಯುವಾಗ ಅದೇ ಯೋಚನೆ — ಕಲ್ಲು ಬರುತ್ತದೆ, ನಿಲ್ಲುತ್ತದೆ, ಇವನು ಹೋಗುತ್ತಾನೆ. ಆಮೇಲೆ ಒಂದು ಟ್ರಂಕು. ಒಂದು ಮಾತನ್ನು ಬಾಯಿಬಿಟ್ಟು ಕೇಳಬಹುದಿತ್ತು: ಹೋಗಬೇಡಪ್ಪಾ, ನನಗೆ ಭಯವಾಗುತ್ತದೆ. ಕೇಳಲಿಲ್ಲ. ನನಗೆ ಮಾತು ಬರುವುದಿಲ್ಲ ಎಂದು ಎಲ್ಲರೂ ಅನ್ನುತ್ತಾರೆ. ಬೇಕಾದಾಗ ಬಂತಲ್ಲ, ಸುಳ್ಳು!

ಆ ವಾರವೇ ಬಚ್ಚಲನ್ನು ಹೊಸದಾಗಿ ಕಟ್ಟಿಸುತ್ತಿದ್ದೆವು. ಬಚ್ಚಲಿಗೆ ಬೇಕಾದ ಬಂಡೆಗಳೂ ಉರುಕುಂದನ ಕಲ್ಲೂ ಒಂದೇ ಟ್ರ್ಯಾಕ್ಟರಿನಲ್ಲಿ ಬಂದವು. ನಿಮ್ಮ ತಾತ ಮತ್ತು ನಿಮ್ಮಪ್ಪ ಹತ್ತಿ ತೆಗೆದುಕೊಂಡು ಆದೋನಿಗೆ ಹೋಗಿದ್ದರು. ಎಲ್ಲಮ್ಮ ಹೊಲದಲ್ಲಿದ್ದಳು. ಹಿತ್ತಿಲಲ್ಲಿ ನಾನು ಮತ್ತು ಕಲ್ಲು ಹಾಸುವ ಗಂಡಹೆಂಡಿರು ಇಬ್ಬರು. ಕಲ್ಲು ಇಳಿಸುವಾಗ ಒಂದು ಮೂಲೆ ಗೋಡೆಗೆ ತಾಗಿತು. ಒಂದು ಚೂರು ಹೋಯಿತು. ಎಷ್ಟು ಎನ್ನುತ್ತೀರಿ — ಕಿರುಬೆರಳಿನ ಉಗುರಿನಷ್ಟು. ಅಕ್ಷರಕ್ಕೆ ಏನೂ ಆಗಿರಲಿಲ್ಲ. 'ಉ' ನುಣ್ಣಗೆ, ಬಾಲ ಸರಿಯಾದ ಕಡೆಗೆ ತಿರುಗಿ, ಹೊಳೆಯುತ್ತಿತ್ತು.

ನಮ್ಮಲ್ಲಿ ಒಂದು ನಂಬಿಕೆ ಇದೆ. ನೀವು ನಗಬಹುದು. ತೀರಿಕೊಂಡವರ ಹೆಸರಿನ ಕಲ್ಲು ನಿಲ್ಲುವ ಮೊದಲೇ ಒಡೆದರೆ, ಅವರು 'ಒಲ್ಲೆ' ಎಂದರು ಎಂದೇ ಅರ್ಥ. ಆ ಕಲ್ಲನ್ನು ಮನೆಯಲ್ಲಿ ಇಡಬಾರದು, ದೀಪ ಹಚ್ಚುವುದರೊಳಗೆ ಹೊಳೆಯ ದಾರಿ ಹಿಡಿಸಬೇಕು. ಇನ್ನೊಂದನ್ನು ಕಡಿಸಬಾರದು. ಒಲ್ಲೆ ಎಂದವರನ್ನು ಮತ್ತೆ ಕರೆದರೆ ಅವರಿಗೆ ಶಾಂತಿ ಇರುವುದಿಲ್ಲ. ಒಡೆಯುವುದು ಎಂದರೆ ಎರಡು ಹೋಳಾಗುವುದು. ಉಗುರಿನಷ್ಟು ಮುಕ್ಕಾದರೆ ಅದಕ್ಕೆ ಯಾರೂ ಒಡೆಯಿತು ಎನ್ನುವುದಿಲ್ಲ. ನನಗೂ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಕಲ್ಲು ಹಾಸುವವನು ಕೆತ್ತಿದ ಹೆಸರಿನ ಮೇಲಿನ ಧೂಳನ್ನು ಕೈಯಲ್ಲಿ ಒರೆಸಿ, "ಇದು ಪೇರಿನ ಬಂಡಮ್ಮಾ, ಇದನ್ನ ಎಲ್ಲಿಡ್ಲಿ?" ಎಂದು ಕೇಳಿದ.

ನಾನು ಬಚ್ಚಲ ಕಡೆ ಕೈ ತೋರಿಸಿದೆ. "ಮೂಲಿ ಹೋಗೈತಿ. ನಿಲ್ಸಂಗಿಲ್ಲ. ಬೋರಲು ಹಾಕು."

ಅವನು ಹೆಂಡತಿಯ ಮುಖ ನೋಡಿದ. ಅವಳು ಮೆಲ್ಲಗೆ "ಪಾಪಂ ಅಮ್ಮಾ" ಎಂದಳು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಹಾರೆಯ ಸಪ್ಪಳ ಕೇಳಿಸುತ್ತಿತ್ತು. ಎದ್ದು ಹೋಗಿ ಬೇಡ ಎನ್ನುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಅದನ್ನೇ ನಾನು ನಿಮಗೆ ಹೇಳಬೇಕೆಂದಿರುವುದು — ಅದು ಒಂದು ಗಳಿಗೆಯ ಬುದ್ಧಿಗೇಡಲ್ಲ. ಮಣ್ಣು ಅಗೆದು, ಮಟ್ಟ ಮಾಡಿ, ಕಲ್ಲು ಮಗುಚಿ, ಸಂದಿಗೆ ಗಾರೆ ತುಂಬುವ ತನಕ ನಾನು ಸುಮ್ಮನೆ ಕೂತಿದ್ದೆ.

ಅವರು ಮಧ್ಯಾಹ್ನವೇ ಮಂತ್ರಾಲಯಕ್ಕೆ ಹೊರಟರು. ಅಲ್ಲಿ ಯಾವುದೋ ಲಾಡ್ಜಿನ ಕೆಲಸವಿತ್ತು. ಮತ್ತೆ ಈ ಕಡೆ ಬರಲಿಲ್ಲ.

ಹೊತ್ತು ಇಳಿಯುವಾಗ ಎಲ್ಲಮ್ಮ ಬಂದಳು. ತಲೆಗೂದಲಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ನಗುತ್ತಿದ್ದಳು ಕೂಡ. ಮಗನ ಸುದ್ದಿ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ನನ್ನ ಮಗ ಬಂದಾನಂತಲ್ರಿ ಅಮ್ಮಾರೇ? ಟ್ರ್ಯಾಕ್ಟರ್ ಹೋಗಿದ್ದು ನೋಡ್ದೆ. ಎಲ್ಲಿ ಅದಾನ?"

"ಒಡದ್ ಹೋತು ಎಲ್ಲಮ್ಮಾ."

ಇಷ್ಟೇ ನಾನು ಅಂದದ್ದು. ಆಮೇಲೆ, ಅವಳು ಕೇಳದಿದ್ದರೂ — "ಕಲ್ಲಿನ ಕೆಲಸದವ್ರು ಮಂತ್ರಾಲಯಕ್ಕ ಹೊಂಟಿದ್ರು. ಮಾಧವರಂ ತಾವ ಹೊಳಿಗೆ ಬಿಡ್ರಿ ಅಂತ ಕಳಿಸ್ಕೊಟ್ಟೆ."

ಮಾತಾಡುವವರ ಮಾತನ್ನು ಜನ ತೂಗಿ ನೋಡುತ್ತಾರೆ. ಮಾತಾಡದವಳ ಮಾತನ್ನು ಯಾರೂ ತೂಗುವುದಿಲ್ಲ. ಎಲ್ಲಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಲ್ಲೇ ದನಗಳು ನೀರು ಕುಡಿಯುವ ದೋಣಿಯ ಪಕ್ಕದಲ್ಲಿದ್ದ ಒಂದು ಬಂಡೆಯ ಮೇಲೆ ಕೂತಳು. ನನಗಲ್ಲ, ಎದುರಿನ ಗೋಡೆಗೆ ಅಂದಳು:

"ಒಲ್ಲೆ ಅಂದ್ನಾ."

ಅವಳು ಕೂತಿದ್ದ ಆ ಬಂಡೆ ಬಚ್ಚಲಿಗೆಂದು ಬಂದು ಉಳಿದದ್ದು. ಉರುಕುಂದನ ಕಲ್ಲು ಅದರ ಜಾಗ ಹಿಡಿದಿತ್ತಲ್ಲ. ನಿಮ್ಮ ತಾತ ಬಂದಮೇಲೆ, ಕೇಳದೆ ಯಾಕೆ ಕಳಿಸಿದೆ ಎಂದು ನನ್ನ ಮೇಲೆ ಸ್ವಲ್ಪ ರೇಗಿದರು. ಒಡೆದ ಕಲ್ಲನ್ನು ಇಟ್ಟುಕೊಳ್ಳುವುದೂ ಸರಿಯಲ್ಲ ಎಂದು ತಾವೇ ಸಮಾಧಾನ ಮಾಡಿಕೊಂಡರು. ಉಳಿದ ಬಂಡೆ ನೋಡಿ, "ಕ್ವಾರಿಯವ ಒಂದು ಹೆಚ್ಚಿಗಿ ಹಾಕ್ಯಾನ, ಒಳ್ಳೇ ಮನಷ್ಯಾ" ಎಂದರು. ಅಂದಿನಿಂದ ಎಲ್ಲಮ್ಮ ಯಾವಾಗ ಬಂದರೂ ಕೂಡುವುದು ಅದರ ಮೇಲೇ. ನೀವೂ ನೋಡಿದ್ದೀರಿ. 'ಎಲ್ಲಮ್ಮಜ್ಜಿ ಕಲ್ಲು' ಎಂದು ಹೆಸರಿಟ್ಟವನು ನೀನೇ ಕಿರಣಾ.

ನಿಮ್ಮಪ್ಪ ಹೋಗಲಿಲ್ಲ. "ಅವನೇ ಒಲ್ಲೆ ಅಂದ ಮ್ಯಾಲ ನಾ ಯಾರಿಗೆ ಕೈಮುಗದು ಹೋಗ್ಲಿ" ಎಂದು ಒಂದೇ ಸಲ ಅಂದ. ಕಿವಿಗೆ ಔಷಧಿ ಹಾಕುವುದನ್ನು ಬಿಟ್ಟ. ಬೆಳಿಗ್ಗೆ ಓಡುವುದನ್ನೂ ಬಿಟ್ಟ. ಆಮೇಲೆ ಅಂಗಡಿ, ಮದುವೆ, ನೀವು. ನೀವು ಹುಟ್ಟಿದ್ದಕ್ಕೂ ಆ ಸುಳ್ಳಿಗೂ ನಂಟಿದೆಯೋ ಇಲ್ಲವೋ — ಅಷ್ಟು ದೂರ ಯೋಚಿಸಲು ನನಗೆ ಭಯ. ನಿಮ್ಮ ಮುಖ ನೋಡಿದಾಗ ಸಂತೋಷವಾಗುತ್ತದೆ, ಸಂತೋಷದ ಹಿಂದೆಯೇ ಎಲ್ಲಮ್ಮನ ಮುಖ ಬರುತ್ತದೆ. ಎರಡೂ ಒಟ್ಟಿಗೆ ಬರುತ್ತವೆ. ಒಂದನ್ನು ಬಿಟ್ಟು ಒಂದನ್ನು ನೋಡಲು ನನಗೆ ಆಗಿಲ್ಲ.

ಹೊಳೆಗೆ ಬಿಟ್ಟೆ ಎಂದೆನಲ್ಲ — ಎಲ್ಲಮ್ಮ ಅಂದಿನಿಂದ ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆಗೆ, ಮಾಧವರಂಗೆ ಹೋಗತೊಡಗಿದಳು. ಬಸ್ಸು ಬದಲಾಯಿಸಿ, ದಂಡೆಗೆ ಇಳಿದು, ನೀರಿನ ಹತ್ತಿರ ಎಡೆ ಇಟ್ಟು ಬರುತ್ತಿದ್ದಳು. ಹೋಳಿಗೆ ನಾನೇ ಮಾಡಿ ಕಟ್ಟಿಕೊಡುತ್ತಿದ್ದೆ. ಹೌದು, ಕಟ್ಟಿಕೊಡುತ್ತಿದ್ದೆ. ಅವಳು ಬುತ್ತಿಯನ್ನು ಕಣ್ಣಿಗೊತ್ತಿಕೊಂಡು ಅನ್ನುತ್ತಿದ್ದಳು:

"ನಿಮ್ಮ ಋಣ ತೀರಂಗಿಲ್ಲ ಅಮ್ಮಾರೇ. ಹೊಳಿತನಕ ಕಳಿಸಿಕೊಟ್ರಿ ನನ್ನ ಮಗನ್ನ."

ಅವಳು ನೀರಿಗೆ ಎಡೆ ಇಡುವ ಹೊತ್ತಿಗೆ ಇಲ್ಲಿ ನಮ್ಮ ಮನೆಯವರು ಅವನ ಬೆನ್ನಿನ ಮೇಲೆ ನಿಂತು ಸೋಪು ಹಚ್ಚಿಕೊಳ್ಳುತ್ತಿದ್ದರು.

ನಿಮ್ಮ ತಾತ ತೀರಿಕೊಂಡಾಗ ಅವರನ್ನು ಆ ಕಲ್ಲಿನ ಮೇಲೆಯೇ ಕೂಡಿಸಿ ಮೈ ತೊಳೆದರು. ಉರುಕುಂದನಿಗೆ ಜಾಗ ಕೊಡೋಣ ಎಂದು ಮೊದಲು ಅಂದವರು ಅವರು. ನಾನು ಬಾಗಿಲಿನ ಮರೆಯಲ್ಲಿ ನಿಂತಿದ್ದೆ. ಕೂಗಿ ಹೇಳಬೇಕೆನಿಸಿತು. ಹೆಂಗಸರು ನನ್ನ ತೋಳು ಹಿಡಿದುಕೊಂಡಿದ್ದರು. ಗಂಡ ಹೋದ ದುಃಖಕ್ಕೆ ನಡುಗುತ್ತಿದ್ದಾಳೆ ಎಂದುಕೊಂಡರು. ದುಃಖವೂ ಇತ್ತು. ಅದೊಂದೇ ಇರಲಿಲ್ಲ.

ಹೊಲವನ್ನು ಸಂಘಕ್ಕೆ ಕೊಡುತ್ತೇನೆ ಎಂದದ್ದು ಆಮೇಲೆ. ಹವಾಲ್ದಾರ್ ಮದ್ದಿಲೇಟಿ — ಈಗ ಸಂಘ ನೋಡಿಕೊಳ್ಳುವವರು — ರಸ್ತೆಯ ಪಕ್ಕ ಜಾಗ ಹುಡುಕುತ್ತಿದ್ದಾರೆಂದು ನಿಮ್ಮಪ್ಪ ಹೇಳಿದ. ನಾನು ತಕ್ಷಣ ಬಾಯಿ ತೆರೆದೆ, ಅವನಿಗೇ ಆಶ್ಚರ್ಯವಾಯಿತು. ಈಗಲೇ ಕೊಡುತ್ತೀಯಾ ಅವ್ವಾ ಎಂದ. ಇಲ್ಲ, ನನ್ನ ನಂತರ ಎಂದೆ. ಇರುವ ತನಕ ಬೆಳೆ ಬರಲಿ ಎಂದು ಎಲ್ಲರೂ ತಿಳಿದರು. ನಿಜ ಏನೆಂದರೆ, ಆ ಬಾವಿಯ ಹತ್ತಿರ ಹೆಸರುಗಳು ನಿಲ್ಲುವ ದಿನ ನಾನು ಇರಬಾರದು ಎಂಬುದೇ ನನ್ನ ಲೆಕ್ಕವಾಗಿತ್ತು. ಸತ್ತವಳನ್ನು ಯಾರು ಏನು ಕೇಳುತ್ತಾರೆ?

ವೀಲುನಾಮೆಯಲ್ಲಿಯೇ ಎಲ್ಲವನ್ನೂ ಹೇಳಿಬಿಡಬೇಕೆಂದು ಒಂದು ಆಸೆ ಇತ್ತು. ಆಲೂರಿನಲ್ಲಿ ಪತ್ರ ಬರೆಯುವವರು ಹೊಲದ ಎಲ್ಲೆಗಳನ್ನು ಓದಿ ಹೇಳಿ, "ಇನ್ನೇನಾದ್ರೂ ಸೇರಿಸ್ಬೇಕಾ ಅಮ್ಮಾ?" ಎಂದರು.

ನಾನು ಸೆರಗಿನೊಳಗಿಂದ, "ಬಚ್ಚಲದಾಗಿನ ದೊಡ್ಡ ಬಂಡೆನೂ ಅವರಿಗೇ ಬರೀರಿ" ಎಂದೆ.

ಅವರು ಕನ್ನಡಕ ತೆಗೆದರು. "ಬಂಡಾ? ಬಂಗಾರದ್ದೇನಮ್ಮಾ?"

ಸುತ್ತ ಕೂತಿದ್ದವರು ನಕ್ಕರು. ನಿಮ್ಮಪ್ಪನೂ ನಕ್ಕು, "ಅವ್ವಾ, ಮಿಲಿಟರಿಯವ್ರು ಹೊಲದಾಗ ಜಳಕ ಮಾಡ್ತಾರೇನು? ಕೊಡಾಕ ಕುಂತ್ರ ನಮ್ಮವ್ವ ಮನಿ ತಳಪಾಯಾನೂ ಕಿತ್ತು ಕೊಡ್ತಾಳ ನೋಡ್ರಿ" ಎಂದ. ಎಲ್ಲರೂ ಮತ್ತೆ ನಕ್ಕರು. ನಾನು ತಲೆ ತಗ್ಗಿಸಿದೆ. ಬಂಡೆಯ ಮಾತು ಬಿಟ್ಟುಹೋಯಿತು. ಹೆಬ್ಬೆಟ್ಟಲ್ಲ, ಕನ್ನಡದಲ್ಲಿಯೇ ಸಹಿ ಹಾಕಿದೆ.

ಹೀಗೆಯೇ ಮುಚ್ಚಿಹೋಗುತ್ತಿತ್ತು. ಆದರೆ ಸಂಘದವರು ಹೆಸರುಗಳನ್ನು ಈಗಲೇ ಕೇಳಿಕೊಂಡು ಬರುತ್ತಿದ್ದಾರೆ. ಹೆತ್ತವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರು ಇರುವಾಗಲೇ ಅವರ ಬಾಯಿಂದ ಒಪ್ಪಿಗೆ ಬೇಕು ಎನ್ನುತ್ತಾರೆ. ಹೋದ ಸೋಮವಾರ ಮದ್ದಿಲೇಟಿಯವರು ನಮ್ಮ ಮನೆಗೆ ಬಂದರು. ನಾನು ಬಾಗಿಲ ಹಿಂದೆ ನಿಂತೆ, ಅವರು ಕಟ್ಟೆಯ ಮೇಲೆ ಕೂತು ನಿಮ್ಮಮ್ಮ ಕೊಟ್ಟ ಚಹಾ ಕುಡಿಯುತ್ತ ಅಂದರು:

"ಎಲ್ಲಾರೂ ಸರೇ ಅಂದ್ರಮ್ಮಾ. ನಿಮ್ಮೂರಿನ ಎಲ್ಲಮ್ಮ ಒಬ್ಬಾಕಿ ಒಪ್ಪವಲ್ಲಳು. ನನ್ನ ಮಗನ ಹೆಸರು ಹಾಕಬ್ಯಾಡ್ರಿ, ಅವ ಒಲ್ಲೆ ಅಂದಾನ, ಅಂತಾಳ. ಏಮಿ ಕಥನೋ ನನಗ ಅರ್ಥ ಆಗಲಿಲ್ಲ. ನೀವು ಹೇಳಿದ್ರ ಕೇಳ್ತಾಳಂತ, ಅವಳ ಮಗಳೇ ಅಂದ್ಳು. ಒಂದು ಮಾತು ಹೇಳ್ರಿ. ನಿಮ್ಮೂರ ಹೊಲದಾಗ ನಿಮ್ಮೂರ ಹುಡುಗಂದೇ ಹೆಸರಿಲ್ಲ ಅಂದ್ರ ಹ್ಯಾಂಗಮ್ಮಾ?"

ಬಾಗಿಲನ್ನು ಹಿಡಿದುಕೊಂಡು ನಿಂತಿದ್ದೆ. ಯಾರಿಗಾಗಿ ಆ ಹೊಲವನ್ನು ಕೊಟ್ಟೆನೋ ಅವನೊಬ್ಬನ ಹೆಸರೇ ಅಲ್ಲಿರುವುದಿಲ್ಲ. ಇರದಂತೆ ಮಾಡಿರುವುದು ನಾನೇ. ಹೊಲ ಕೊಟ್ಟರೂ, ಮನೆ ಕೊಟ್ಟರೂ, ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳದ ತನಕ ಅವನು ಒಲ್ಲೆ ಎಂದವನಾಗಿಯೇ ಉಳಿಯುತ್ತಾನೆ.

ಮಾರನೆಯ ದಿನ ಹೋದೆ. ಎಲ್ಲಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ, ನೆರಳು ಬೆಳಕು ಅಷ್ಟೇ. ಮಗಳ ಮನೆಯ ಮುಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನಾನು ಹತ್ತಿರ ಹೋಗಿ ನಿಂತೆ.

"ಯಾರದು?" ಎಂದಳು. ಕಿವಿ ಕೊಟ್ಟು ಕೇಳಿ, ನಕ್ಕಳು. "ಬಳಿ ಸಪ್ಪಳ ಇಲ್ಲ, ಬಾಯಿ ಸಪ್ಪಳಾನೂ ಇಲ್ಲ. ಅಂದ್ರ ನಮ್ಮ ಅಮ್ಮಾರೇ."

ನಾನು ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತೆ. ಹಿಂದೆಂದೂ ಹಾಗೆ ಕೂತಿರಲಿಲ್ಲ. "ಸೀರಿ ಹೊಲಸಾಗ್ತೈತಿ, ಏಳ್ರಿ" ಎಂದಳು. ಏಳಲಿಲ್ಲ. ಸಂಘದವರ ಮಾತು ತೆಗೆದೆ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಒಮ್ಮೆ ಒಲ್ಲೆ ಅಂದಾನ ಅಮ್ಮಾರೇ. ಎರಡನೇ ಸಲ ಕೇಳಿ ಯಾಕ ನೋಯಿಸ್ಲಿ? ಏನು ಸಿಟ್ಟಿತ್ತೋ ನನ್ನ ಮ್ಯಾಲ." ದನಿ ತಗ್ಗಿಸಿ, "ಕಡೀ ಸಲ ಹೋಗೋ ದಿನ ರೊಟ್ಟಿ ಕರಕಾಗಿತ್ತು. ಬಸ್ಸಿಗೆ ಹೊತ್ತಾಗೈತಿ ಅಂತ ಹಂಗೇ ಕಟ್ಟಿದೆ. ತಿಂದ್ನೋ ಇಲ್ಲೋ. ಅದಕಾ ಅಂತೀರೇನು? ನೀವು ಅಕ್ಷರ ಕಲ್ತವ್ರು, ನೀವೇ ಹೇಳ್ರಿ. ಕರಕು ರೊಟ್ಟಿಗೆ ಮಗ ತಾಯಿ ಮ್ಯಾಲ ಇಷ್ಟು ವರ್ಷ ಸಿಟ್ಟು ಇಟ್ಕೊಂತಾನೇನು?"

ಇಲ್ಲ ಎಂದೆ. ಅಷ್ಟೇ ಎಂದೆ. ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾವಿತ್ರಿ ನೀರು ತಂದಳು. ನೀರು ಕುಡಿದೆ. ನೀರಿನ ಜೊತೆ ಅದನ್ನೂ ನುಂಗಿ ಎದ್ದು ಬಂದೆ.

ಮಕ್ಕಳೇ, ಇದಕ್ಕೇ ನಾನು ಈಗ ಬರೆಯುತ್ತಿರುವುದು. ಎಲ್ಲಮ್ಮನ ಕಲ್ಲನ್ನು ಕದ್ದೆ ಎಂದು ಇಷ್ಟು ದಿನ ತಿಳಿದಿದ್ದೆ. ಕಲ್ಲಿನ ಮಾತು ಸಣ್ಣದು. ಮಗ ತನ್ನನ್ನು ಕ್ಷಮಿಸಲಿಲ್ಲ ಎಂದು ತಿಳಿದು, ತನ್ನದೇ ತಪ್ಪನ್ನು ಹುಡುಕುತ್ತ — ಒಂದು ರೊಟ್ಟಿಯ ತನಕ ಹುಡುಕಿಕೊಂಡು ಹೋಗಿದ್ದಾಳೆ ಆಕೆ. ಇದನ್ನು ನನ್ನ ಸಾವಿನ ನಂತರಕ್ಕೆ ಬಿಟ್ಟರೆ, ಆಕೆ ನನಗಿಂತ ಮುಂಚೆ ಹೋಗಿಬಿಟ್ಟರೆ?

ವೀಲುನಾಮೆ ಹಾಗೆಯೇ ಇರಲಿ. ಹೊಲ ನನ್ನ ನಂತರ ಹೋಗಲಿ. ಕಲ್ಲು ಮಾತ್ರ ಕಾಯುವುದು ಬೇಡ. ಆಲೂರಿನಿಂದ ಕಲ್ಲು ಕೆಲಸದವರನ್ನು ನಾಳೆ ಬೆಳಿಗ್ಗೆಗೆ ಬರಹೇಳಿದ್ದೇನೆ. ಬಚ್ಚಲ ನೀರು ಹೋಗುತ್ತಿಲ್ಲ, ಒಂದು ಬಂಡೆ ಎಬ್ಬಿಸಬೇಕು ಎಂದು ನಿಮ್ಮಪ್ಪನಿಗೆ ಹೇಳಿದೆ. ಅದೂ ಸುಳ್ಳೇ. ಅದು ಕಡೆಯದಾಗಲಿ. ಎಲ್ಲಮ್ಮನನ್ನು ಕರೆದುಕೊಂಡು ಬಾ ಎಂದು ಸಾವಿತ್ರಿಗೆ ಹೇಳಿ ಕಳಿಸಿದ್ದೇನೆ. ನಿಮ್ಮಪ್ಪನೂ ಅಂಗಡಿಗೆ ತಡವಾಗಿ ಹೋಗುತ್ತಾನೆ. ಅವನು ಏನನ್ನುತ್ತಾನೋ ನನಗೆ ಗೊತ್ತಿಲ್ಲ. 'ಅವ್ವಾ, ನೀನು ನನ್ನ ಬದುಕನ್ನು ನನ್ನನ್ನು ಕೇಳದೆ ತಿರುಗಿಸಿಬಿಟ್ಟೆ' ಎನ್ನಬಹುದು. ಎಂದರೆ ಅದು ನಿಜ.

ಕಿರಣಾ, ನೀನು ಈಗೀಗ ಬೆಳಿಗ್ಗೆ ಓಡುತ್ತೀ. ಯಾಕೆಂದು ನಾನು ಕೇಳಿಲ್ಲ. ಕೇಳಲು ಭಯ. ಆದರೆ ಈ ಸಲ, ಭಯವಾದರೆ ಭಯವಾಗುತ್ತದೆ ಎಂದು ನಿನಗೇ ಬಾಯಿಬಿಟ್ಟು ಹೇಳುತ್ತೇನೆ. ಕೇಳಿದ ಮೇಲೆ ಹೋಗುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಇನ್ನೊಂದು ಮಾತು, ಇಬ್ಬರಿಗೂ. ಸ್ಮಾರಕದಲ್ಲಿ ಭೂಮಿ ಕೊಟ್ಟವರು ಎಂದು ನನ್ನ ಹೆಸರನ್ನು ಹಾಕಿಸಬೇಡಿ. ನಿಮ್ಮ ತಾತನದ್ದೂ ಬೇಡ. ಅವರು ನನ್ನ ಸುಳ್ಳನ್ನು ನಂಬಿಯೇ ಹೋದವರು. ನಿಜ ತಿಳಿದ ಮೇಲೆ ಸಂಘದವರು ಇಂಥವಳ ಹೊಲ ನಮಗೆ ಬೇಡ ಎಂದರೆ, ಕಾಲು ಹಿಡಿದಾದರೂ ಒಪ್ಪಿಸಿ. ಅದು ದಾನವಲ್ಲ. ಎಂದೋ ಹೂಂ ಎಂದ ಜಾಗ.

ನಾಳೆ ನಾನೇ ಹೇಳಬೇಕು. ನನ್ನ ಬದಲಿಗೆ ಈ ಹಾಳೆಯನ್ನು ಅಲ್ಲಿ ಯಾರ ಕೈಯಲ್ಲೂ ಓದಿಸುವುದಿಲ್ಲ. ಮಾತು ನಿಂತುಹೋದರೆ ಎಂಬ ಭಯ ಈಗಲೂ ಇದೆ. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೇನೆ: ಕಲ್ಲನ್ನು ಎಬ್ಬಿಸಿ, ತೊಳೆದು, ಅಕ್ಷರ ಮೇಲಾಗಿ ಮಲಗಿಸಿದ ಕೂಡಲೇ ಎಲ್ಲಮ್ಮನ ಕೈ ಹಿಡಿಯುತ್ತೇನೆ. ಮೊದಲು 'ಉ' ಮೇಲೆ ಅವಳ ಬೆರಳಿಟ್ಟು, ಅವಳ ಮಗನಿಗೆ ತಿದ್ದಿಸಿದ ಹಾಗೆಯೇ ತಿದ್ದಿಸುತ್ತೇನೆ. ಆಮೇಲೆ ಅದೇ ಬೆರಳನ್ನು ಆ ಮೂಲೆಗೆ ಒಯ್ಯುತ್ತೇನೆ. ಮುಕ್ಕಾದದ್ದು ಎಷ್ಟು ಸಣ್ಣದೆಂದು ಅವಳ ಬೆರಳಿಗೇ ತಿಳಿಯಲಿ. ಅದು ತಿಳಿದ ಮೇಲೆ ಅವಳು ನನ್ನ ಕಡೆ ಮುಖ ತಿರುಗಿಸುತ್ತಾಳೆ. ಆಗ ನಾನು ಅಲ್ಲೇ ಇರಬೇಕು.